ಅಗ್ಗದ ವೋಡ್ಕಾವನ್ನು ಕಾರ್ಬನ್‌ನಲ್ಲಿ ಸೋಸುವುದು: ಎಷ್ಟು ಕಾರ್ಬನ್, ಎಷ್ಟು ಹೊತ್ತು, ಎಲ್ಲಿಗೆ ನಿಲ್ಲಿಸಬೇಕು?

ಎರಡನೇಪೆಗ್

ಮೊಹರು ಸರಿಯಾಗಿರುವ, 40%ನ ಅಗ್ಗದ ವೋಡ್ಕಾದ ಬಗ್ಗೆ ಕೇಳುತ್ತಿದ್ದೇನೆ. ಲೋಟ ಮೂಗಿನ ಹತ್ತಿರ ತಂದರೆ ಮೊದಲು ನೇಲ್ ಪಾಲಿಶ್‌ನಂಥ ಘಾಟು, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಎಣ್ಣೆ ಸವರಿದ ಹಾಗೆ ಒಂದು ಕಹಿ. ನೀರಿನ ಫಿಲ್ಟರ್ ಜಗ್‌ನಲ್ಲಿ ಐದಾರು ಸಲ ಸುರಿದರೆ ದುಬಾರಿ ಬಾಟಲಿಗೆ ಸಮ ಆಗುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಮೂರು ವಿಷಯ ಗೊತ್ತಾಗಬೇಕು. ಕಾರ್ಬನ್ ನಿಜಕ್ಕೂ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ? ಜಗ್ ಸಾಕೋ, ಬೇರೆ ಕೊಳವೆ ಮಾಡಬೇಕೋ? ಸೋಸಿ ಸೋಸಿ ಹಾಳು ಮಾಡುವುದೂ ಸಾಧ್ಯವೇ? ಅಂದಾಜು ಬೇಡ, ಲೆಕ್ಕ ಬೇಕು.

ಮೆಶ್ನಲವತ್ತು

ಕಾರ್ಬನ್ ಜರಡಿಯಲ್ಲ. ಅದರ ರಂಧ್ರದಲ್ಲಿ ಕೊಳೆ ಸಿಕ್ಕಿಹಾಕಿಕೊಳ್ಳುತ್ತದೆ ಅಂದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಅದು ಮೈಗೆ ಅಂಟಿಸಿಕೊಳ್ಳುತ್ತದೆ. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್‌ನ (ಮೈತುಂಬ ಸೂಕ್ಷ್ಮ ರಂಧ್ರ ಎಬ್ಬಿಸಿದ ಇದ್ದಿಲು) ಒಂದು ಗ್ರಾಂನಲ್ಲಿ ಒಳಮೈ ಸಾವಿರ ಚದರ ಮೀಟರ್‌ನ ಆಸುಪಾಸು ಇರುತ್ತದೆ. ಯಾವ ಅಣು ದೊಡ್ಡದೋ, ಯಾವುದಕ್ಕೆ ನೀರಿನ ಸಹವಾಸ ಅಷ್ಟಾಗಿ ಹಿಡಿಸುವುದಿಲ್ಲವೋ, ಅದು ಬೇಗ ಹೋಗಿ ಅಂಟುತ್ತದೆ.

ಹಾಗಾಗಿ ಸಾಬೂನು ವಾಸನೆ ಕೊಡುವ ಉದ್ದ ಸರಪಳಿಯ ಎಸ್ಟರ್‌ಗಳು (ಈಥೈಲ್ ಆಕ್ಟನೋಯೇಟ್, ಡೆಕನೋಯೇಟ್) ಎಲ್ಲಕ್ಕಿಂತ ಮೊದಲು ಹೋಗುತ್ತವೆ. ಆಮೇಲೆ ಐಸೋಅಮೈಲ್ ಆಲ್ಕೋಹಾಲ್, ಐಸೋಬ್ಯುಟನಾಲ್, ಅಂದರೆ ಫ್ಯೂಸೆಲ್ ಎಣ್ಣೆ, ಹುದುಗುವಾಗ ಹುಟ್ಟುವ ಭಾರದ ಆಲ್ಕೋಹಾಲ್‌ಗಳು. ನಿಮ್ಮ ನಾಲಿಗೆಯ ಬುಡದ ಕಹಿ ಬಹುಮಟ್ಟಿಗೆ ಇದೇ, ಇದು ಕಡಿಮೆಯಾಗುತ್ತದೆ. ನೇಲ್ ಪಾಲಿಶ್ ಘಾಟು ಈಥೈಲ್ ಅಸಿಟೇಟ್‌ನದು. ಚಿಕ್ಕ ಅಣು, ಅರ್ಧಂಬರ್ಧ ಹೋಗುತ್ತದೆ. ಅಸಿಟಾಲ್ಡಿಹೈಡ್ ಇನ್ನೂ ಚಿಕ್ಕದು, ಕಾರ್ಬನ್‌ಗೆ ಹೆಚ್ಚುಕಡಿಮೆ ಸಿಕ್ಕುವುದೇ ಇಲ್ಲ. ಮೆಥನಾಲ್, ಅಂದರೆ ವಿಷದ ಆಲ್ಕೋಹಾಲ್, ಪಟ್ಟಿಯ ಕಟ್ಟಕಡೆಗೆ, ಈಥನಾಲ್‌ಗಿಂತಲೂ (ಕುಡಿಯುವ ಆಲ್ಕೋಹಾಲ್) ಕೆಳಗೆ. ಈಥನಾಲ್ ತುಂಬಿರುವ ದ್ರವದಲ್ಲಿ ಕಾರ್ಬನ್ ಅದನ್ನು ಬಿಟ್ಟು ಮೆಥನಾಲನ್ನು ಆರಿಸಿ ಹಿಡಿಯುವ ಪ್ರಶ್ನೆಯೇ ಇಲ್ಲ. ಇದನ್ನು ಆರಂಭದಲ್ಲೇ ಹೇಳಿಬಿಡಬೇಕು.

ಇನ್ನೊಂದು: ಈಥನಾಲ್ ಕೂಡ ಕಾರ್ಬನ್ ಮೇಲೆ ಜಾಗಕ್ಕಾಗಿ ಪೈಪೋಟಿ ಮಾಡುತ್ತದೆ. ಆಲ್ಕೋಹಾಲ್ ಅಂಶ ಹೆಚ್ಚಿದಷ್ಟೂ ಫ್ಯೂಸೆಲ್ ದ್ರವದಲ್ಲೇ ಆರಾಮಾಗಿ ಉಳಿಯುತ್ತದೆ. 50–60% ಇರುವ ಮದ್ಯವನ್ನು ಹಾಗೇ ಸೋಸಿ "ಏನೂ ಆಗಲಿಲ್ಲ" ಅನ್ನುವವರು ಬಹಳ. ಮೊದಲು 40–45%ಗೆ ಇಳಿಸಿ, ಆಮೇಲೆ ಸೋಸಿ. ಈಗಾಗಲೇ 40% ಇರುವುದಕ್ಕೆ ನೀರು ಬೆರೆಸಬೇಡಿ, ಹಾಗೇ ಸೋಸಿ.

ನಿಧಾನಿ

ಜಗ್ ಲೆಕ್ಕ ನಾನು ಹಾಕುತ್ತೇನೆ. ಒಂದು ಕಾರ್ಟ್ರಿಜ್‌ನಲ್ಲಿ 120 ಮಿ.ಲೀ. ಸರಕು ಇದೆ ಅಂದುಕೊಳ್ಳಿ. ಒಂದು ಲೀಟರ್ ಐದು ನಿಮಿಷದಲ್ಲಿ ಇಳಿಯುತ್ತದೆ, ಅಂದರೆ ನಿಮಿಷಕ್ಕೆ 200 ಮಿ.ಲೀ. ದ್ರವ ಸರಕಿನೊಳಗೆ ಇರುವುದು 36 ಸೆಕೆಂಡ್. ಆರು ಸಲ ಸುರಿದರೂ ಒಟ್ಟು ಮೂರೂವರೆ ನಿಮಿಷ ಚಿಲ್ಲರೆ. ಕೊಳವೆಯಲ್ಲಿ ಸರಿಯಾಗಿ ಮಾಡಿದರೆ ಅರ್ಧ ಗಂಟೆ ಸಿಗುತ್ತದೆ. ಎಷ್ಟು ಸಲ ಸುರಿದಿರಿ ಅನ್ನುವುದು ಮುಖ್ಯವಲ್ಲ, ಒಟ್ಟು ಎಷ್ಟು ಹೊತ್ತು ಮುಟ್ಟಿಕೊಂಡಿತ್ತು ಅನ್ನುವುದೇ ಮುಖ್ಯ.

ಅದರಲ್ಲೂ ಆ 120 ಮಿ.ಲೀ. ಪೂರಾ ಕಾರ್ಬನ್ ಅಲ್ಲ. ನೀರಿನ ಗಡಸುತನ ಇಳಿಸುವ ಐಯಾನ್ ಎಕ್ಸ್‌ಚೇಂಜ್ ರೆಸಿನ್ ಅದರಲ್ಲಿ ಬೆರೆತಿರುತ್ತದೆ. ಫ್ಯೂಸೆಲ್ ವಿಷಯದಲ್ಲಿ ಅದರಿಂದ ಉಪಯೋಗವಿಲ್ಲ, ದ್ರವವನ್ನು ಒಂಚೂರು ಹುಳಿ ಮಾಡುತ್ತದೆ ಅಷ್ಟೆ.

ಜಗ್‌ನಿಂದ ಏನೂ ಆಗುವುದಿಲ್ಲ ಅಂತಲ್ಲ. ತೀರಾ ಒರಟಾದ ವೋಡ್ಕಾ ಆದರೆ ಮೊದಲ ಎರಡು ಸುತ್ತಿನಲ್ಲಿ ಸಾಬೂನು ವಾಸನೆ ಇಳಿಯುವುದು ಮೂಗಿಗೆ ಗೊತ್ತಾಗುತ್ತದೆ. ಮೂರನೆಯದರಿಂದ ಮುಂದೆ ನಂಬಿಕೆಯ ಕೆಲಸ.

ಯಾರೂ ಹೇಳದ ಮಾತು ಇದು: ನೀರಿಗೆ ಬಳಸಿ ಹಳೆಯದಾದ ಕಾರ್ಟ್ರಿಜ್‌ನಲ್ಲಿ ವೋಡ್ಕಾ ಸುರಿಯಲೇಬೇಡಿ. ನೀರಿನಿಂದ ತಿಂಗಳುಗಟ್ಟಲೆ ಹಿಡಿದಿಟ್ಟದ್ದನ್ನೆಲ್ಲ ಆಲ್ಕೋಹಾಲ್ ಬಿಡಿಸಿಕೊಂಡು ಬರುತ್ತದೆ. ಕಾರ್ಬನ್‌ಗೆ ಅಂಟಿದ್ದನ್ನು ತೊಳೆಯಲು ಲ್ಯಾಬ್‌ಗಳಲ್ಲಿ ಬಳಸುವುದೇ ಆಲ್ಕೋಹಾಲಿನಂಥ ದ್ರಾವಕಗಳನ್ನು. ಸೋಸಲು ಹೋಗಿ ನೀವು ಫಿಲ್ಟರನ್ನು ತೊಳೆದು ಆ ತೊಳೆದ ನೀರನ್ನು ಕುಡಿದಂತೆ ಆಗುತ್ತದೆ. ಅಡುಗೆಮನೆಯ ಆರ್‌ಓ ಯಂತ್ರದ ಕಾರ್ಬನ್ ಕಾರ್ಟ್ರಿಜ್‌ಗೂ ಇದೇ ಮಾತು.

ಎರಡನೇಪೆಗ್

ಸರಿ, ಜಗ್ ಬಿಟ್ಟೆ. ಕೊಳವೆ ಹೇಗೆ? ಅಳತೆ ಸಮೇತ ಹೇಳಿ. ಯಾವ ಕಾರ್ಬನ್ ಅಂತಲೂ.

ಗಾಜಿನನಳಿಗೆ

ಕಾರ್ಬನ್: ತೆಂಗಿನ ಚಿಪ್ಪಿನದು, ಹಬೆಯಿಂದ ಆಕ್ಟಿವೇಟ್ ಮಾಡಿದ್ದು, ಆಹಾರ ದರ್ಜೆಯದು, 12×40 ಮೆಶ್. ಅಂದರೆ ಕಾಳು 0.4ರಿಂದ 1.7 ಮಿ.ಮೀ. ಚೀಲದ ಮೇಲೆ ಅಯೋಡಿನ್ ಸಂಖ್ಯೆ (ಕಾರ್ಬನ್ ಎಷ್ಟು ಹಿಡಿಯಬಲ್ಲದು ಅನ್ನುವ ಅಳತೆ) 1000ದ ಹತ್ತಿರ ಇದ್ದರೆ ಸಾಕು. ಆಸಿಡ್ ವಾಶ್ ಮಾಡಿದ್ದು ಸಿಕ್ಕರೆ ಅದನ್ನೇ ಕೊಳ್ಳಿ, ಕಾರಣ ಕೆಳಗಿದೆ.

ಕೊಳವೆ: ಒಳವ್ಯಾಸ 25 ಮಿ.ಮೀ., ಉದ್ದ 70 ಸೆಂ.ಮೀ. ಗಾಜು ಅಥವಾ 304 ಸ್ಟೀಲ್. ಪ್ಲಂಬಿಂಗ್ ಪಿವಿಸಿ ಪೈಪ್ ಬೇಡ. ಅಕ್ರಿಲಿಕ್ ಪಾರದರ್ಶಕವಾಗಿ ಚಂದ ಕಾಣುತ್ತದೆ, ಆದರೆ ಆಲ್ಕೋಹಾಲ್ ತಾಗಿದರೆ ಮೈತುಂಬ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮೆದು ಪಿವಿಸಿ ಟ್ಯೂಬ್ ಅಂತೂ ಇನ್ನೂ ಕೆಟ್ಟದು, ಅದನ್ನು ಮೆದು ಮಾಡಲು ಬೆರೆಸಿದ ರಾಸಾಯನಿಕ ಮದ್ಯಕ್ಕೆ ಇಳಿಯುತ್ತದೆ. ಟ್ಯೂಬ್ ಬೇಕಾದ ಕಡೆ ಆಹಾರ ದರ್ಜೆಯ ಸಿಲಿಕೋನ್.

ಕೆಳತುದಿಗೆ ರಂಧ್ರವಿರುವ ಸಿಲಿಕೋನ್ ಬಿರಡೆ, ಅದರ ಮೇಲೆ ನವಿರಾದ ಸ್ಟೀಲ್ ಜಾಲರಿ, ಜಾಲರಿಯ ಮೇಲೆ ದುಂಡಗೆ ಕತ್ತರಿಸಿದ ಎರಡು ಕಾಫಿ ಫಿಲ್ಟರ್ ಕಾಗದ. ಅದರ ಮೇಲೆ 50 ಸೆಂ.ಮೀ. ಕಾರ್ಬನ್. ಆ ಕಂಬದ ಗಾತ್ರ ಸುಮಾರು 245 ಮಿ.ಲೀ., ಒಣ ತೂಕ 115 ಗ್ರಾಂ ಆಸುಪಾಸು. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಇದು 750 ಮಿ.ಲೀ.ನ ಮೂರು ಬಾಟಲಿಗೆ ಸಾಕು. ಅಗಲ ಹೆಚ್ಚಿಸಿ ಎತ್ತರ ತಗ್ಗಿಸುವ ಆಸೆ ಬೇಡ. ಎತ್ತರ ಅಗಲದ ಇಪ್ಪತ್ತು ಪಟ್ಟಾದರೂ ಇರಲಿ.

ತೊಳೆಯುವುದು: ಬಿಸಿನೀರಲ್ಲಿ ನಾಲ್ಕೈದು ಸಲ ಕಲಕಿ ಕರಿ ನೀರು ಚೆಲ್ಲಿ. ಆಮೇಲೆ 20 ನಿಮಿಷ ಕುದಿಸಿ. ಕುದಿಸುವುದು ಬರೀ ದೂಳಿಗಲ್ಲ. ಒಣ ಕಾರ್ಬನ್‌ನ ರಂಧ್ರಗಳಲ್ಲಿ ಗಾಳಿ ಕೂತಿರುತ್ತದೆ, ಪಾತ್ರೆಯನ್ನು ಹತ್ತಿರದಿಂದ ನೋಡಿದರೆ ಕಾಳುಕಾಳಿನಿಂದ ಸೂಜಿಮೊನೆಯಷ್ಟು ಗುಳ್ಳೆ ಸಾಲಾಗಿ ಏಳುವುದು ಕಾಣುತ್ತದೆ, ಜೊತೆಗೆ ಚಿಟಿಚಿಟಿ ಸದ್ದು. ತೇಲುತ್ತಿದ್ದ ಕಾಳು ಮುಳುಗಿ ಗುಳ್ಳೆ ನಿಂತಾಗ ಆಯಿತು ಅಂತ ಲೆಕ್ಕ. ಆರಲು ಬಿಡಿ.

ತುಂಬುವುದು: ಕೊಳವೆಯಲ್ಲಿ ಮೊದಲು ಅರ್ಧದಷ್ಟು ನೀರು ಹಾಕಿ, ಹಸಿ ಕಾರ್ಬನ್ನನ್ನು ಚಮಚ ಚಮಚವಾಗಿ ನೀರಿನೊಳಗೇ ಬಿಡಿ. ಕೊಳವೆಯನ್ನು ಬೆರಳಿಂದ ತಟ್ಟುತ್ತಿರಿ. ಒಣಗಿದ್ದನ್ನು ಸುರಿದು ಮೇಲೆ ನೀರು ಹಾಕಿದರೆ ಗಾಳಿ ಸಿಕ್ಕಿ ನಡುವೆ ಕಾಲುವೆ ಬೀಳುತ್ತದೆ, ಮದ್ಯ ಅದೇ ಕಾಲುವೆ ಹಿಡಿದು ಓಡುತ್ತದೆ, ಉಳಿದ ಕಾರ್ಬನ್ ಸುಮ್ಮನೆ ನೋಡುತ್ತ ಕೂರುತ್ತದೆ.

ಹೊರದಾರಿ: ಕೆಳಗಿಂದ ಬರುವ ಟ್ಯೂಬನ್ನು ಹಾಗೇ ಲೋಟಕ್ಕೆ ಬಿಡಬೇಡಿ. ಅದನ್ನು ಮೇಲಕ್ಕೆ ಎತ್ತಿ, ಕಾರ್ಬನ್‌ನ ನೆತ್ತಿಗಿಂತ ಎರಡು ಸೆಂ.ಮೀ. ಎತ್ತರದಲ್ಲಿ ಬಾಗಿಸಿ ಆಮೇಲೆ ಕೆಳಕ್ಕೆ ಇಳಿಸಿ. ಮೇಲಿನ ಬಾಟಲಿ ಖಾಲಿಯಾದರೂ ಕಂಬ ಒಣಗುವುದಿಲ್ಲ. ಆ ಬಾಗಿನ ನೆತ್ತಿಯಲ್ಲಿ ಟಿ ಆಕಾರದ ಒಂದು ಜೋಡಣೆ ಹಾಕಿ ಅದರ ಮೇಲ್ಬಾಯಿಯನ್ನು ಗಾಳಿಗೆ ತೆರೆದಿಡಿ, ಇಲ್ಲದಿದ್ದರೆ ಸೈಫನ್ ಹಿಡಿದು ಎಲ್ಲವನ್ನೂ ಎಳೆದು ಹಾಕುತ್ತದೆ. ಬಾಗಿಗಿಂತ ಮುಂಚೆ ಒಂದು ಸಣ್ಣ ಕ್ಲ್ಯಾಂಪ್, ವೇಗ ಹಿಡಿಯಲು. ಮೇಲೆ ಆಲಿಕೆ ಇಟ್ಟು ಬಾಟಲಿಯನ್ನೇ ಬೋರಲು ನಿಲ್ಲಿಸಿ, ಬಾಯಿ ದ್ರವದಲ್ಲಿ ಮುಳುಗಿರಲಿ. ಮಟ್ಟ ಇಳಿದಾಗ ಒಂದು ಗುಟುಕು ಗಾಳಿ ಒಳಗೆ ಹೋಗಿ ಅಷ್ಟೇ ಮದ್ಯ ಇಳಿಯುತ್ತದೆ. ಕಾವಲು ಕೂರಬೇಕಿಲ್ಲ.

ವೇಗ: 245 ಮಿ.ಲೀ. ಕಂಬದಲ್ಲಿ 30 ನಿಮಿಷ ಸಿಗಬೇಕಾದರೆ ನಿಮಿಷಕ್ಕೆ 8 ಮಿ.ಲೀ. ಮೂರು ಬಾಟಲಿಗೆ ನಾಲ್ಕು ಮುಕ್ಕಾಲು ಗಂಟೆ. ಹನಿ ಎಣಿಸಿ ವೇಗ ಹಿಡಿಯಬೇಡಿ. "ಮಿ.ಲೀ.ಗೆ 20 ಹನಿ" ಎನ್ನುವುದು ನೀರಿನ ಲೆಕ್ಕ. 40% ಆಲ್ಕೋಹಾಲ್‌ನ ಹನಿ ಅದರ ಅರ್ಧಕ್ಕಿಂತ ಚಿಕ್ಕದು, ಮೇಲ್ಮೈ ಬಿಗಿತ ಅಷ್ಟು ಕಡಿಮೆ. ಅಳತೆ ಲೋಟ ಇಟ್ಟು ಐದು ನಿಮಿಷಕ್ಕೆ 40 ಮಿ.ಲೀ. ಬರುತ್ತಿದೆಯಾ ನೋಡಿ.

ತಕ್ಕಡಿ

ಮೇಲಿನ ವಿವರಕ್ಕೆ ಒಂದು ಸೇರಿಸಬೇಕು, ಇಲ್ಲದಿದ್ದರೆ ಹೊಸಬರು ಹೊರಬಂದದ್ದನ್ನು ಕುಡಿದು "ಎಷ್ಟು ಮೃದುವಾಗಿದೆ!" ಅಂತ ಖುಷಿಪಡುತ್ತಾರೆ. ಮೃದುವಾಗಿರುವುದು ನೀರು ಬೆರೆತದ್ದಕ್ಕೆ.

ಆ ಕಂಬದಲ್ಲಿ ಕಾಳುಗಳ ನಡುವೆ ಸುಮಾರು 100 ಮಿ.ಲೀ., ರಂಧ್ರಗಳೊಳಗೆ ಇನ್ನೂ 70 ಮಿ.ಲೀ. ನೀರು ಮೊದಲೇ ಕೂತಿದೆ. ಮದ್ಯ ಬಿಟ್ಟಾಗ ಮೊದಲ 100 ಮಿ.ಲೀ. ಬಹುಪಾಲು ನೀರೇ. ಚೆಲ್ಲಿ. ಮುಂದಿನ 150 ಮಿ.ಲೀ. ತೆಳ್ಳಗಿನದು, ಬೇರೆ ಲೋಟದಲ್ಲಿ ಹಿಡಿದಿಡಿ. ಆಮೇಲೆ ಬರುವುದು ಅಸಲು ಮಾಲು. ಕೊನೆಗೆ ಬಾಟಲಿ ಖಾಲಿಯಾದಾಗ ಆ ಎತ್ತಿಟ್ಟ 150ನ್ನು ಮೇಲಿಂದ ಬಿಡಿ, ಅದರ ಹಿಂದೆ 150 ಮಿ.ಲೀ. ಶುದ್ಧ ನೀರು. ನೀರು ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ರುಚಿ ತೆಳ್ಳಗಾದ ಕೂಡಲೇ ನಿಲ್ಲಿಸಿ. ಒಂದೇ ಬಾಟಲಿಗಾಗಿ ಈ ಕೊಳವೆ ಕಟ್ಟುವುದು ದಂಡ ಅನ್ನುವುದೂ ಇದಕ್ಕೇ, ತಲೆ-ಬಾಲದಲ್ಲೇ ಅರ್ಧ ಹೋಗುತ್ತದೆ.

ಅಂಶ ನೋಡಲು ಆಲ್ಕೋಹಾಲ್ ಹೈಡ್ರೋಮೀಟರ್ ಬೇಕು, ಅದು 20 ಡಿಗ್ರಿ ಸೆಲ್ಸಿಯಸ್‌ಗೆ ಗುರುತು ಹಾಕಿದ್ದು. 40%ರ ಸುತ್ತಮುತ್ತ ಪ್ರತಿ ಡಿಗ್ರಿ ಹೆಚ್ಚಿಗೆಗೆ ಓದು ಸುಮಾರು 0.4 ಹೆಚ್ಚು ತೋರಿಸುತ್ತದೆ. 30 ಡಿಗ್ರಿಯಲ್ಲಿ 44 ಕಂಡರೆ ಅದು ನಿಜಕ್ಕೆ 40. ಮದ್ಯಕ್ಕೆ ಸಕ್ಕರೆ ಅಥವಾ ಗ್ಲಿಸರಿನ್ ಬೆರೆಸಿದ್ದರೆ ಓದು ಕೆಳಗೆ ಬೀಳುತ್ತದೆ. ಲೇಬಲ್ 40 ಅನ್ನುತ್ತದೆ, ತಾಪಮಾನ ಸರಿಯಿದೆ, ಸೋಸುವ ಮುಂಚೆಯೇ ಹೈಡ್ರೋಮೀಟರ್ 38 ತೋರಿಸುತ್ತದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಸಿಹಿಯನ್ನು. ಆ ಸಿಹಿ ಕಾರ್ಬನ್‌ಗೆ ಸಿಕ್ಕುವುದಿಲ್ಲ, ಹಾಗೇ ಉಳಿಯುತ್ತದೆ.

ನೀರು ಬೆರೆಸಿ ಇಳಿಸುವಾಗ ಆರ್‌ಓ ಅಥವಾ ಡಿಸ್ಟಿಲ್ಡ್ ನೀರು ಮಾತ್ರ. ಗಡಸು ನೀರು ಹಾಕಿದರೆ ಎರಡು ದಿನದಲ್ಲಿ ಬಾಟಲಿ ತಳದಲ್ಲಿ ಬಿಳಿ ಎಳೆ ಕೂರುತ್ತದೆ. ಅದು ಕ್ಯಾಲ್ಸಿಯಂ ಲವಣ. ವಿಷವಲ್ಲ, ನೋಡಲು ಅಸಹ್ಯ.

ಬರಿಮೂಗು

ಇಷ್ಟೆಲ್ಲ ಯಾಕ್ರೀ? ಫ್ರೀಜರ್‌ನಲ್ಲಿಟ್ಟು ಕುಡಿದರೆ ಯಾವ ವಾಸನೆಯೂ ಇಲ್ಲ. ಮೈನಸ್ 18ರಲ್ಲಿ 40% ಗಟ್ಟಿಯಾಗುವುದೂ ಇಲ್ಲ.

ಮೆಶ್ನಲವತ್ತು

ವಾಸನೆ ಹೋಗುವುದಿಲ್ಲ, ಏಳುವುದಿಲ್ಲ ಅಷ್ಟೆ. ಆದರೂ ನಿಮ್ಮ ಮಾತಲ್ಲಿ ಹುರುಳಿದೆ. ಶಾಟ್ ಆಗಿ ತಣ್ಣಗೆ ಕುಡಿಯುವವರಿಗೆ, ನಿಂಬೆ-ಸೋಡಾ ಬೆರೆಸುವವರಿಗೆ ಈ ಕೊಳವೆ ದಂಡದ ಕೆಲಸವೇ. ಕೋಣೆಯ ತಾಪಮಾನದಲ್ಲಿ ಅಥವಾ ಬರೀ ಮಂಜುಗಡ್ಡೆ ಹಾಕಿ ಕುಡಿಯುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ತಣ್ಣಗೆ ಮಾಡಿದರೆ "ಕೊಳೆ ಹೆಪ್ಪುಗಟ್ಟಿ ಪಾತ್ರೆಗೆ ಅಂಟುತ್ತದೆ" ಅನ್ನುವ ಮಾತು ಓಡಾಡುತ್ತಿದೆ, ಅದನ್ನು ನಂಬಬೇಡಿ. ಫ್ಯೂಸೆಲ್ ಆಲ್ಕೋಹಾಲ್‌ಗಳು ಮನೆಯ ಫ್ರೀಜರ್‌ನಲ್ಲಿ ಗಟ್ಟಿಯಾಗುವುದಿಲ್ಲ. ವಿಸ್ಕಿ ಕಂಪನಿಗಳು ಸೊನ್ನೆಯ ಹತ್ತಿರಕ್ಕೆ ತಣಿಸಿ ಸೋಸುವುದುಂಟು. ಅದು ಮಬ್ಬು ತರುವ ಕೊಬ್ಬಿನಾಮ್ಲದ ಎಸ್ಟರ್‌ಗಳನ್ನು ತೆಗೆಯಲು, ಒರಟುತನಕ್ಕಲ್ಲ.

ಕರಿಪುಡಿ

ಕಾಳು ಕಾರ್ಬನ್ ಬದಲು ಮೆಡಿಕಲ್ ಶಾಪ್‌ನ ಇದ್ದಿಲು ಮಾತ್ರೆ ಪುಡಿ ಮಾಡಿ ಹಾಕಿದರೆ? ಮೀನಿನ ತೊಟ್ಟಿಯ ಕಾರ್ಬನ್? ಬಾರ್ಬೆಕ್ಯೂ ಇದ್ದಿಲು?

ಗಾಜಿನನಳಿಗೆ

ಕೊನೆಯದಕ್ಕೆ ಮೊದಲು ಉತ್ತರ: ಬಾರ್ಬೆಕ್ಯೂ ಬ್ರಿಕೆಟ್ ಬೇಡವೇ ಬೇಡ. ಅಂಟು, ಕಲ್ಲಿದ್ದಲು ಪುಡಿ, ಕೆಲವದರಲ್ಲಿ ಬೆಂಕಿ ಬೇಗ ಹತ್ತಲು ಎಣ್ಣೆ ಇರುತ್ತದೆ. ಮರದ ಸಾದಾ ಇದ್ದಿಲೂ ಆಕ್ಟಿವೇಟೆಡ್ ಅಲ್ಲ, ಒಳಮೈ ತೀರಾ ಕಡಿಮೆ. ಟೆನೆಸೀ ವಿಸ್ಕಿಯವರು ಸಕ್ಕರೆ ಮೇಪಲ್ ಇದ್ದಿಲಿನಲ್ಲಿ ಸೋಸುತ್ತಾರಲ್ಲ ಅಂತ ಯಾರಾದರೂ ಕೇಳುತ್ತಾರೆ. ಅವರು ಪೀಪಾಯಿಗೆ ಹಾಕುವ ಮುಂಚೆ ಆಳೆತ್ತರ ಮೀರಿದ ತೊಟ್ಟಿಗಳಲ್ಲಿ ದಿನಗಟ್ಟಲೆ ಹನಿಸುತ್ತಾರೆ. ಅದನ್ನು ಅಡುಗೆಮನೆಗೆ ಇಳಿಸಲಾಗದು. ರಸಾಯನ ವಿಜ್ಞಾನಿ ಲೋವಿಟ್ಜ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1785ರಲ್ಲಿ ಇದ್ದಿಲಿನ ಈ ಗುಣ ಕಂಡುಕೊಂಡಾಗ ಕೈಯಲ್ಲಿದ್ದದ್ದು ಸಾದಾ ಇದ್ದಿಲೇ. ನಮಗೆ ಆ ಬಡತನ ಇಲ್ಲ.

ಮೀನಿನ ತೊಟ್ಟಿಯದು ಆಹಾರ ದರ್ಜೆಯದಲ್ಲ, ಬೂದಿ ಎಷ್ಟಿದೆ ಅಂತ ಬರೆದಿರುವುದಿಲ್ಲ. ಬಿಡಿ.

ಮಾತ್ರೆಯಲ್ಲಿ ಪಿಷ್ಟ, ಕೆಲವೊಮ್ಮೆ ಸಕ್ಕರೆ ಇರುತ್ತದೆ, ಮದ್ಯ ಮಬ್ಬಾಗುತ್ತದೆ. ಪುಡಿಯೇ ಬೇಕೆಂದರೆ ಆಹಾರ ದರ್ಜೆಯ ಪುಡಿ ಕಾರ್ಬನ್ ಲೀಟರಿಗೆ 4–5 ಗ್ರಾಂ. ಸ್ವಲ್ಪ ನೀರಲ್ಲಿ ಗಂಜಿಯ ಹಾಗೆ ಕಲಸಿ ಹಾಕಿ, ಅರ್ಧ ಗಂಟೆ ಆಗಾಗ ಅಲ್ಲಾಡಿಸಿ, ರಾತ್ರಿಯೆಲ್ಲ ಬೇಡ. ಪುಡಿ ಬೇಗ ಕೆಲಸ ಮಾಡುತ್ತದೆ, ದ್ರವಕ್ಕೆ ಒಳಗೆ ಹೋಗಬೇಕಾದ ದೂರ ಕಡಿಮೆ. ಕಷ್ಟ ಇರುವುದು ಅದನ್ನು ತೆಗೆಯುವುದರಲ್ಲಿ. ಕಾಫಿ ಫಿಲ್ಟರ್ ಕಾಗದವನ್ನು ದಾಟಿ ಬೂದು ಬಣ್ಣ ಬರುತ್ತದೆ. ಅದೇ ಕಾಗದದ ಮೂಲಕ ಮತ್ತೆ ಮತ್ತೆ ಬಿಟ್ಟರೆ ಕಾಗದದ ಮೇಲೆ ಕೂತ ಪುಡಿಯೇ ಜರಡಿಯಾಗುತ್ತದೆ, ಮೂರನೇ ಸಲಕ್ಕೆ ತಿಳಿಯಾಗುತ್ತದೆ. ಕಾಗದ ಬದಲಿಸಿದರೆ ಮತ್ತೆ ಮೊದಲಿಂದ. ಬಿಳಿ ಕಾಗದದ ಮುಂದೆ ಲೋಟ ಹಿಡಿದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ.

ಎರಡನೇಪೆಗ್

ಎರಡು ತೊಂದರೆ. ಮೊದಲ ಲೀಟರ್ ಚೆನ್ನಾಗಿದೆ, ಆದರೆ ರಾತ್ರಿಯಿಡೀ ಕೊಳವೆಯಲ್ಲೇ ನಿಂತ ಭಾಗಕ್ಕೆ ಹಸಿ ಸೇಬಿನಂಥ ಚೂಪಾದ ವಾಸನೆ. ಇನ್ನೊಂದು, ಎಲ್ಲದರಲ್ಲೂ ಸಣ್ಣಗೆ ಸೋಪಿನ ನೀರಿನ ಜಾರು.

ನಿಧಾನಿ

ಹಸಿ ಸೇಬು ಅಂದರೆ ಅಸಿಟಾಲ್ಡಿಹೈಡ್. ಅದು ಮದ್ಯದಲ್ಲಿ ಇದ್ದದ್ದಲ್ಲ, ಕೊಳವೆಯಲ್ಲಿ ಹುಟ್ಟಿದ್ದು. ಕಾರ್ಬನ್‌ನ ಮೈ ಬರೀ ಅಂಟು ಅಲ್ಲ, ಕ್ಯಾಟಲಿಸ್ಟ್ ಕೂಡ, ಅಂದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುತ್ತದೆ. ದ್ರವದಲ್ಲಿ ಕರಗಿದ ಆಮ್ಲಜನಕ ಸಿಕ್ಕರೆ ಈಥನಾಲನ್ನು ಅಸಿಟಾಲ್ಡಿಹೈಡ್‌ಗೆ ತಿರುಗಿಸುತ್ತದೆ. ನಿಧಾನವಾದಷ್ಟೂ ಒಳ್ಳೆಯದು ಅನ್ನುವ ಸೂತ್ರ ಇಲ್ಲಿ ಮುರಿಯುತ್ತದೆ. 20–40 ನಿಮಿಷದ ನಡುವೆ ಇರಿ. ನಿಂತರೆ ನಿಲ್ಲಲಿ ಅಂತ ಬಿಡಬೇಡಿ, ಶುರು ಮಾಡಿದ್ದನ್ನು ಒಂದೇ ಕೂರಿಕೆಯಲ್ಲಿ ಮುಗಿಸಿ, ನೀರಿಂದ ತಳ್ಳಿಬಿಡಿ. ಕಾಳು ಕಾರ್ಬನ್ನನ್ನು ಬಾಟಲಿಗೇ ಹಾಕಿ ವಾರಗಟ್ಟಲೆ ಬಿಡುವ ಪದ್ಧತಿಯ ದೋಷವೂ ಇದೇ. ಆ ರೀತಿ ಮಾಡುವುದೇ ಆದರೆ ಬಾಟಲಿ ಕುತ್ತಿಗೆಯವರೆಗೆ ತುಂಬಿರಲಿ, ಗಾಳಿಗೆ ಜಾಗ ಇರಬಾರದು, ದಿನಕ್ಕೊಮ್ಮೆ ಮೂಸಿ ನೋಡುತ್ತಿರಬೇಕು.

ಹುಟ್ಟಿದ ಮೇಲೆ ಅದನ್ನು ಮತ್ತೆ ಸೋಸಿ ತೆಗೆಯಲಾಗದು, ಹೆಚ್ಚಾಗುತ್ತದೆ. ಆ ಭಾಗವನ್ನು ಒಳ್ಳೆಯದಕ್ಕೆ ಬೆರೆಸದೆ ಬೇರೆ ಇಡಿ.

ಸೋಪಿನ ಜಾರು ಬೂದಿಯದು. ಕಾರ್ಬನ್‌ನಲ್ಲಿ ಪೊಟ್ಯಾಶಿಯಂನಂಥ ಕ್ಷಾರ ಉಳಿದಿದ್ದರೆ ಮದ್ಯದ ಪಿಎಚ್ ಏರುತ್ತದೆ. ಗಾಜಿನನಳಿಗೆಯವರು ಆಸಿಡ್ ವಾಶ್ ಅಂದದ್ದು ಇದಕ್ಕೇ. ಸಿಗದಿದ್ದರೆ: ಲೀಟರ್ ನೀರಿಗೆ 10 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಕಾರ್ಬನ್ನನ್ನು ಒಂದು ಗಂಟೆ ನೆನೆಸಿ, ಆಮೇಲೆ ತೊಳೆದ ನೀರಿನ ಪಿಎಚ್ ಪಟ್ಟಿ 7ರ ಹತ್ತಿರ ಬರುವ ತನಕ ಬರೀ ನೀರಲ್ಲಿ ಕುದಿಸಿ ಚೆಲ್ಲುತ್ತಿರಿ. ನಾಲ್ಕೈದು ಸಲ ಬೇಕಾಗುತ್ತದೆ. ಅಡುಗೆ ಸೋಡಾ ಹಾಕಿದರೆ ಮೃದುವಾಗುತ್ತದೆ, ಪರ್ಮಾಂಗನೇಟ್ ಹಾಕಿದರೆ ಕೊಳೆ ಸುಡುತ್ತದೆ ಅಂತ ಸಲಹೆ ಕೊಡುವವರಿದ್ದಾರೆ. ಮೊದಲನೆಯದು ಇದೇ ಜಾರನ್ನು ಹೆಚ್ಚಿಸುತ್ತದೆ. ಎರಡನೆಯದು ಈಥನಾಲನ್ನೇ ಆಲ್ಡಿಹೈಡ್ ಮಾಡಿ ಜೊತೆಗೆ ಮ್ಯಾಂಗನೀಸ್ ಉಳಿಸುತ್ತದೆ, ಕುಡಿಯುವ ವಸ್ತುವಿಗೆ ಅದನ್ನು ತೋರಿಸಲೂ ಬಾರದು.

ಪೀಪಾಯಿತಳ

ವಿಸ್ಕಿ, ರಮ್‌ಗೂ ಇದೇನಾ?

ತಕ್ಕಡಿ

ಇಲ್ಲ. ಕಾರ್ಬನ್‌ಗೆ ಒಳ್ಳೆಯದು ಕೆಟ್ಟದು ಗೊತ್ತಿಲ್ಲ. ಪೀಪಾಯಿಯಿಂದ ಬಂದ ವೆನಿಲಿನ್, ಓಕ್‌ನ ಸುಗಂಧ ಎಲ್ಲವೂ ಫ್ಯೂಸೆಲ್‌ಗಿಂತ ಮೊದಲೇ ಅಂಟುತ್ತವೆ. ಒರಟುತನ ಅರ್ಧ ಹೋಗುವಷ್ಟರಲ್ಲಿ ವಿಸ್ಕಿಯೇ ಹೋಗಿರುತ್ತದೆ, ಉಳಿಯುವುದು ಹಳದಿ ನೀರು. ಹಲವು ಬಿಳಿ ರಮ್‌ಗಳನ್ನು ಪೀಪಾಯಿಯಲ್ಲಿಟ್ಟು ಆಮೇಲೆ ಕಾರ್ಬನ್‌ನಿಂದ ಬಣ್ಣ ತೆಗೆಯುತ್ತಾರೆ ನಿಜ, ಅವರಿಗೆ ಬೇಕಾದದ್ದೇ ಅದು. ಜಿನ್ ಸೋಸಿದರೆ ಜೂನಿಪರ್ ಎಣ್ಣೆ ಹೋಗಿ ಸಪ್ಪೆ ವೋಡ್ಕಾ ಸಿಗುತ್ತದೆ.

ಕಂದು ಮದ್ಯ ನಾಲಿಗೆಯನ್ನು ಒಗರಾಗಿ ಎಳೆಯುತ್ತಿದ್ದರೆ ಹಾಲಿನ ದಾರಿ ಇದೆ. ಲೀಟರ್ ಮದ್ಯಕ್ಕೆ 4 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಅದನ್ನು 250 ಮಿ.ಲೀ. ಗಟ್ಟಿ ಹಾಲಿಗೆ ನಿಧಾನವಾಗಿ ಸುರಿಯಿರಿ. ಮದ್ಯ ಹಾಲಿಗೆ, ಹಾಲು ಮದ್ಯಕ್ಕಲ್ಲ. ತಿರುಗಿಸಿ ಹಾಕಿದರೆ ಒಡೆದ ಹಾಲು ಗಡ್ಡೆಗಡ್ಡೆಯಾಗಿ ಕೆಲಸ ಕೆಡುತ್ತದೆ. ಅರ್ಧ ಗಂಟೆ ಬಿಟ್ಟು ಕಾಗದದಲ್ಲಿ ಸೋಸಿ, ಮೊದಲು ಮಬ್ಬಾಗಿ ಬಂದದ್ದನ್ನು ಅದೇ ಕಾಗದಕ್ಕೆ ಮತ್ತೆ ಸುರಿಯಿರಿ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಒಗರು ತರುವ ಟ್ಯಾನಿನ್ ಹಿಡಿಯುತ್ತದೆ. ಫ್ಯೂಸೆಲ್ ಹಾಗೇ ಉಳಿಯುತ್ತದೆ. ಹಾಲಿನ ಸಕ್ಕರೆ, ತಿಳಿನೀರು ಮದ್ಯದಲ್ಲಿ ಇರುವುದರಿಂದ ಫ್ರಿಜ್‌ನಲ್ಲಿಡಿ, ಹಾಲು ಆಗದವರಿಗೆ ಕೊಡಬೇಡಿ.

ಪೀಪಾಯಿತಳ

ಮೊಹರು ಇಲ್ಲದ, ಎಲ್ಲಿಂದ ಬಂತೋ ಗೊತ್ತಿಲ್ಲದ ಸರಕನ್ನು ಈ ಕೊಳವೆಯಲ್ಲಿ ಬಿಟ್ಟು ಸುರಕ್ಷಿತ ಮಾಡಬಹುದಾ?

ಮೆಶ್ನಲವತ್ತು

ಆಗದು. ಚೆಲ್ಲಿ. ಮೊದಲೇ ಹೇಳಿದ ಹಾಗೆ ಮೆಥನಾಲ್ ಕಾರ್ಬನ್‌ಗೆ ಸಿಕ್ಕುವುದಿಲ್ಲ, ಹಾಲಿಗೂ ಫ್ರೀಜರ್‌ಗೂ ಸಿಕ್ಕುವುದಿಲ್ಲ. ಸೋಸುವುದರಿಂದ ಅಪಾಯ ಹೆಚ್ಚಾಗುವುದೂ ಉಂಟು, ಯಾಕೆಂದರೆ ಎಚ್ಚರಿಸುತ್ತಿದ್ದ ಕೆಟ್ಟ ವಾಸನೆ ಹೋಗಿ ವಿಷ ಮಾತ್ರ ಉಳಿಯುತ್ತದೆ. ಉರಿಸಿ ಜ್ವಾಲೆಯ ಬಣ್ಣ ನೋಡುವ ಪರೀಕ್ಷೆಯೂ ನಂಬಿಕೆಗೆ ಅರ್ಹವಲ್ಲ. ಈಥನಾಲ್ ಜೊತೆ ಬೆರೆತಾಗ ಏನೂ ತಿಳಿಯುವುದಿಲ್ಲ.

ನಿಯಂತ್ರಣದಲ್ಲಿ ತಯಾರಾದ ವೋಡ್ಕಾದ ಮಟ್ಟ ಎಲ್ಲಿರುತ್ತದೆ ಅಂತ ತಿಳಿಯಲು: ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ವೋಡ್ಕಾಗೆ ಮೆಥನಾಲ್ ಮಿತಿ 100 ಲೀಟರ್ ಶುದ್ಧ ಆಲ್ಕೋಹಾಲ್‌ಗೆ 10 ಗ್ರಾಂ. ಅದನ್ನು ಕಾಯುವುದು ಬಟ್ಟಿ ಇಳಿಸುವ ಹಂತದಲ್ಲಿ, ಸೋಸುವ ಹಂತದಲ್ಲಿ ಅಲ್ಲ. ಮೂಲ ಗೊತ್ತಿಲ್ಲದ ಸರಕನ್ನು ಕುಡಿದವರಿಗೆ ಹಲವು ಗಂಟೆ ಬಿಟ್ಟು, ಮರುದಿನವಾದರೂ ಸರಿ, ಕಣ್ಣು ಮಂಜಾದರೆ, ಏದುಸಿರು, ವಾಂತಿ, ಹೊಟ್ಟೆನೋವು ಬಂದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ಕುಡಿದದ್ದು ಅಂತ ಮುಚ್ಚಿಡದೆ ಹೇಳಿ. ಅದಕ್ಕೆ ಪ್ರತಿಮದ್ದು ಇದೆ, ಹೊತ್ತು ಮೀರಬಾರದು.

ಬರಿಮೂಗು

ಇಷ್ಟು ಮಾಡಿದ ಮೇಲೆ ಚೆನ್ನಾಗಿದೆ ಅಂತ ಅನ್ನಿಸಲೇಬೇಕು ಬಿಡಿ. ಐದು ಗಂಟೆ ಕಾದವನ ನಾಲಿಗೆ ಸುಳ್ಳು ಹೇಳದೆ ಇರುತ್ತದೆಯೇ?

ತಕ್ಕಡಿ

ಅದಕ್ಕೇ ಮೂರು ಲೋಟದ ಪರೀಕ್ಷೆ. ಎರಡರಲ್ಲಿ ಒಂದೇ ಮದ್ಯ, ಮೂರನೆಯದರಲ್ಲಿ ಇನ್ನೊಂದು. ಸುರಿಯುವವರು ಬೇರೆ, ಮೂಸುವವರು ಬೇರೆ. ಬೇರೆಯಾದದ್ದು ಯಾವುದು ಅಂತ ಹೇಳಬೇಕು, ಅಷ್ಟೆ. ಕಣ್ಣುಮುಚ್ಚಿ ಹೇಳಿದರೂ ಮೂರಕ್ಕೊಂದು ಸರಿಯಾಗುತ್ತದೆ. ಹಾಗಾಗಿ ಆರು ಸುತ್ತಿನಲ್ಲಿ ಐದಾದರೂ, ಹತ್ತರಲ್ಲಿ ಏಳಾದರೂ ಸರಿಯಾಗಬೇಕು. ಮುಖ್ಯ: ಎರಡನ್ನೂ ಒಂದೇ ಅಂಶಕ್ಕೆ ಇಳಿಸಿ. 40%ರ ಪಕ್ಕದಲ್ಲಿ 37%ದ್ದನ್ನು ಇಟ್ಟರೆ ನೀವು ನೀರಿಗೆ ಅಂಕ ಕೊಟ್ಟ ಹಾಗೆ. ಎರಡಕ್ಕೂ ಸಮ ನೀರು ಬೆರೆಸಿ 20% ಮಾಡಿ, ಕೋಣೆಯ ತಾಪಮಾನದಲ್ಲಿ, ಲೋಟದ ಬಾಯಿಗೆ ತಟ್ಟೆ ಮುಚ್ಚಿ ಎರಡು ನಿಮಿಷ ಬಿಟ್ಟು ಮೂಸಿ. ಆಲ್ಕೋಹಾಲ್‌ನ ಉರಿ ತಗ್ಗಿ ಹಿಂದಿನ ವಾಸನೆ ಮುಂದೆ ಬರುತ್ತದೆ. ಉಗುಳುವ ಪಾತ್ರೆ ಇಟ್ಟುಕೊಳ್ಳಿ, ಆರನೇ ಸುತ್ತಿಗೆ ನಾಲಿಗೆ ನೆಟ್ಟಗಿರಬೇಕಲ್ಲ.

ದುಬಾರಿ ಬಾಟಲಿಯ ಪಕ್ಕದಲ್ಲಿ ಇಟ್ಟು ನೋಡುವುದಕ್ಕಿಂತ ಅದೇ ಬಾಟಲಿಯ ಸೋಸದ ಭಾಗದ ಪಕ್ಕ ಇಡಿ. ಪ್ರಶ್ನೆ ಸೋಸಿದ್ದರಿಂದ ಏನಾಯಿತು ಎನ್ನುವುದು. ಕಾರ್ಬನ್ ಕಳೆಯಬಲ್ಲದು, ಕೂಡಿಸಲಾರದು. ದುಬಾರಿ ವೋಡ್ಕಾದಲ್ಲಿ ಧಾನ್ಯದ ಗುಣ ಉಳಿಸಿಕೊಂಡಿದ್ದರೆ ಅದು ಇಲ್ಲಿ ಹುಟ್ಟುವುದಿಲ್ಲ.

ಎರಡನೇಪೆಗ್

ಕೊನೆಯ ಪ್ರಶ್ನೆ. ಬಳಸಿದ ಕಾರ್ಬನ್ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದಾ?

ಗಾಜಿನನಳಿಗೆ

ಓವನ್‌ಗೆ ಹಾಕಲೇಬೇಡಿ. ಒದ್ದೆ ಕಾರ್ಬನ್‌ನ ಹೊಟ್ಟೆಯಲ್ಲಿ ಆಲ್ಕೋಹಾಲ್ ಇದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಆವಿ ತುಂಬಿದರೆ ಒಂದು ಕಿಡಿ ಸಾಕು. 40% ಮದ್ಯದ ಆವಿಯೇ 26 ಡಿಗ್ರಿ ಸುಮಾರಿಗೆ ಬೆಂಕಿ ಹಿಡಿಯಬಲ್ಲದು. ಅದಕ್ಕೇ ಈ ಕೊಳವೆಯನ್ನೂ ಒಲೆ, ದೀಪ, ಗ್ಯಾಸ್ ಗೀಸರ್ ಪಕ್ಕ ನಿಲ್ಲಿಸಬಾರದು, ಕಿಟಕಿ ತೆರೆದಿರಬೇಕು. ಕಾರ್ಬನ್ನನ್ನು ನಿಜವಾಗಿ ಹೊಸದು ಮಾಡಲು 800–900 ಡಿಗ್ರಿಯಲ್ಲಿ ಹಬೆ ಹಾಯಿಸಬೇಕು. ಮನೆಯಲ್ಲಿ ಕುದಿಸಿದರೆ ವಾಸನೆಯ ಒಂದು ಪಾಲು ಹೋಗುತ್ತದೆ, ಫ್ಯೂಸೆಲ್ ಕೂತಲ್ಲೇ ಕೂತಿರುತ್ತದೆ, ಮುಂದಿನ ಬಾಟಲಿಗೆ ಇಳಿಯುತ್ತದೆ.

ಕೊಳವೆಯಲ್ಲೇ ಎರಡು ಲೀಟರ್ ನೀರು ಬಿಟ್ಟು ತೊಳೆದು, ವಾಸನೆ ಹೋದ ಮೇಲೆ ಹೊರಗೆ ಹರಡಿ ಆರಲು ಬಿಡಿ, ಆಮೇಲೆ ಕಸಕ್ಕೆ. ಜಾಲರಿ ಬಿಚ್ಚಿ ಕುದಿಸಿಟ್ಟುಕೊಳ್ಳಿ, ಕಾಗದ ಎಸೆಯಿರಿ. ಬಿರಡೆಗೆ ವಾಸನೆ ಹಿಡಿದಿದ್ದರೆ ಅದನ್ನೂ ಕುದಿಸಿ.